ನಲ್ಲಿಗುಂಡಿ ಮುಚ್ಚಿಸಿದ ಶಿವರುದ್ರಮ್ಮ

ಬೆಳಗಿನ ಐದೂವರೆಗೆ, ಹಾಲಿನವನ ಬೈಕು ಬರುವುದಕ್ಕೂ ಮುಂಚೆ, ನಮ್ಮ ಬಡಾವಣೆಯ ರಸ್ತೆಯ ನಟ್ಟನಡುವೆ ಒಬ್ಬ ಹೆಂಗಸು ಕುಕ್ಕುರುಗಾಲಿನಲ್ಲಿ ಕೂತು, ಮೂರಡಿ ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದು ತುದಿಯನ್ನು ತನ್ನ ಬಲಗಿವಿಗೂ ಒತ್ತಿಹಿಡಿದು, ಕಣ್ಣು ಮುಚ್ಚಿ ತಪಸ್ಸಿಗೆ ಕೂತಂತಿರುವುದನ್ನು ಮೊದಲ ಸಲ ಕಂಡವರು ಒಂದೋ ಕೈಮುಗಿಯುತ್ತಾರೆ, ಇಲ್ಲವೇ ಯಾರಿಗಾದರೂ ಫೋನು ಮಾಡಬೇಕೇನೋ ಎಂದು ಗಾಬರಿಪಡುತ್ತಾರೆ. ನಾನು ಗಾಬರಿಪಡುವ ಪೈಕಿ. ಹತ್ತಿರ ಹೋಗಿ, "ಏನಮ್ಮ, ತಲೆ ಸುತ್ತು ಬಂತೇ?" ಎಂದು ಕೇಳಿದೆ. ಆಕೆ ಕಣ್ಣು ತೆರೆಯದೆಯೇ ಎಡಗೈ ಎತ್ತಿ ನನ್ನನ್ನು ತಡೆದು, "ಒಸಿ ಸುಮ್ಕಿರಿ ಮೇಷ್ಟ್ರೇ, ಇಲ್ಲೇ ಎಲ್ಲೋ ಸೋರ್ತಾ ಅದೆ" ಎಂದರು. ಮರುದಿನ ಅಲ್ಲಿ ಅಗೆದಾಗ, ಆಕೆ ಚಾಕ್‌ಪೀಸಿನಿಂದ ಗುರುತು ಹಾಕಿದ್ದ ಜಾಗಕ್ಕೆ ಒಂದು ಗೇಣು ಆಚೆ, ಪೈಪಿನ ಕೀಲು ಬಿಟ್ಟು ನೀರು ಒಳಗೊಳಗೇ ಚರಂಡಿಗೆ ಹರಿದುಹೋಗುತ್ತಿತ್ತು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಶಬ್ದಾಲಂಕಾರ ಅರ್ಥಾಲಂಕಾರಗಳನ್ನು ಮಕ್ಕಳ ತಲೆಗೆ ತುಂಬಿದ ನನಗೆ, ಕಿವಿಗೊಡುವುದೆಂದರೆ ಏನೆಂದು ಅಂದು ಗೊತ್ತಾಯಿತು.

ಆಕೆಯ ಹೆಸರು ಶಿವರುದ್ರಮ್ಮ. ವಯಸ್ಸು ಐವತ್ತೆಂಟು. ಕೃಷ್ಣರಾಜನಗರದ ಅಂಚಿನಲ್ಲಿ, ಹಿಂದೊಮ್ಮೆ ಎಣ್ಣೆಗಾಣವಿದ್ದ ಜಾಗದಲ್ಲಿ ಬೆಳೆದುಕೊಂಡ ನಮ್ಮ ಗಾಣದ ಬಡಾವಣೆಯ ನಡುಬೀದಿಯಲ್ಲಿ, ದಿಬ್ಬದ ಮೇಲಿನ ಹೆಂಚಿನ ಮನೆ ಆಕೆಯದು. ನಲವತ್ತು ವರ್ಷ ಎಡಸೊಂಟದ ಮೇಲೆ ಕೊಡ ಹೊತ್ತ ಫಲವಾಗಿ, ಕೊಡವಿಲ್ಲದಾಗಲೂ ಆಕೆಯ ಮೈ ಬಲಕ್ಕೆ ವಾಲಿಕೊಂಡೇ ನಡೆಯುತ್ತದೆ. ದೂರದಿಂದ ನೋಡಿದರೆ ಕಾಣದ ಕೊಡವೊಂದನ್ನು ಹೊತ್ತು ಬರುತ್ತಿದ್ದಾರೆನ್ನಿಸುತ್ತದೆ. ಸೀರೆಯ ಮೇಲೆ ಸದಾ ಒಂದು ಖಾಕಿ ಕೋಟು. ಅದು ಆಕೆಯ ಗಂಡ ಕಂಠಪ್ಪನವರದು. ಅಕ್ಕಿ ಗಿರಣಿಯಲ್ಲಿ ಕಾವಲಿಗಿದ್ದ ಆ ಸಾಧು ಮನುಷ್ಯ ತೀರಿಕೊಂಡು ಆರು ವರ್ಷವಾಯಿತು. ಕೋಟಿನ ಜೇಬುಗಳಲ್ಲಿ ಒಂದು ಸ್ಪ್ಯಾನರು, ಕೀಲಿಗೆ ಸುತ್ತುವ ಸೆಣಬಿನ ನಾರು, ಚಾಕ್‌ಪೀಸು, ಎಲೆಅಡಿಕೆಯ ಚೀಲ. ಸೆಕೆಯ ದಿನಗಳಲ್ಲೂ ಅದನ್ನು ಕಳಚುವುದಿಲ್ಲ. ಯಾಕೆಂದು ಕೇಳಿದರೆ, "ಸೀರೆಗೆ ಜೇಬಿಲ್ವಲ್ಲ ಮೇಷ್ಟ್ರೇ" ಎನ್ನುತ್ತಾರೆ, ಅಷ್ಟಕ್ಕೇ ಆ ಮಾತು ಮುಗಿಯಿತು.

ಮಾತು ಮುಗಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಯಾರೇ ಎಷ್ಟೇ ಉದ್ದಕ್ಕೆ ಗೋಳು ಹೇಳಿಕೊಳ್ಳಲಿ, ಹೊಗಳಲಿ, ಬಯ್ಯಲಿ, ಪೂರ್ತಿ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು: "ಸರಿ, ಮುಂದ್ಕೇನು?" ನಾನೂ ಒಮ್ಮೆ ಜಲಸಂಪತ್ತಿನ ಮಹತ್ತ್ವವನ್ನು ಕುರಿತು, ಪಂಚಭೂತಗಳಿಂದ ಆರಂಭಿಸಿ, ಕಾಲುಗಂಟೆ ಸೊಗಸಾಗಿ ಮಾತಾಡಿದ್ದೆ. ಅದಕ್ಕೂ ಅದೇ ಉತ್ತರ ಬಂತು. ನನಗೆ ಮುಖಭಂಗವಾದದ್ದು ಹಾಗಿರಲಿ, ಮುಂದಕ್ಕೆ ಹೇಳುವುದಕ್ಕೆ ನನ್ನಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ಇನ್ನು ನಲ್ಲಿಗುಂಡಿಯ ವಿಷಯ. ನಮ್ಮ ಸೀಮೆಯ ಪೇಟೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಕಾಣದವರಿಗಾಗಿ ಹೇಳುತ್ತೇನೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರತೊಡಗಿದಾಗ ಬುದ್ಧಿವಂತನೊಬ್ಬ ಮನೆಯ ಮುಂದೆ ಮೂರಡಿ ಗುಂಡಿ ತೋಡಿ, ನಲ್ಲಿಯ ತಲೆ ಕಿತ್ತೆಸೆದು, ಬೋಳು ಪೈಪನ್ನು ಗುಂಡಿಯ ತಳಕ್ಕೆ ಇಳಿಸುತ್ತಾನೆ. ತಗ್ಗಿಗೆ ನೀರು ದಪ್ಪಗೆ ಬೀಳುತ್ತದೆ. ಆತ ಗುಂಡಿಯೊಳಗೆ ಇಳಿದು ಬಿಂದಿಗೆ ತುಂಬಿಕೊಳ್ಳುತ್ತಾನೆ. ಪಕ್ಕದ ಮನೆಯವನ ನಲ್ಲಿ ಒಣಗುತ್ತದೆ. ಅವನು ಮೂರೂವರೆ ಅಡಿ ತೋಡುತ್ತಾನೆ. ಹೀಗೆ ಒಂದು ಬೀದಿಗೆ ಬೀದಿಯೇ ಪಾತಾಳಕ್ಕೆ ಇಳಿಯುತ್ತದೆ. ಗುಂಡಿ ತೋಡಲು ನಾಚಿಕೆಪಡುವ ನನ್ನಂಥ ಮರ್ಯಾದಸ್ಥರು ಪೈಪಿಗೇ ಮೋಟರು ಕೂರಿಸಿ ಹೀರುತ್ತಾರೆ. ನಮ್ಮ ಬಡಾವಣೆಯ ಅರವತ್ತೊಂದು ಮನೆಗಳಲ್ಲಿ ಮೂವತ್ತೆಂಟು ಗುಂಡಿ, ಐದು ಮೋಟರು. ಇದೆಲ್ಲದರ ಆಚೆ ಹದಿನೆಂಟು ಮನೆಗಳ ಕೊನೆಬೀದಿ. ಅಲ್ಲಿಗೆ ನಾಲ್ಕು ವರ್ಷದಿಂದ ನಲ್ಲಿನೀರೇ ಇಲ್ಲ.

ಕೊನೆಬೀದಿಯ ಕೊನೆಯ ಮನೆ ಭಾಗ್ಯಮ್ಮನದು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಆ ಹೆಂಗಸು ಟ್ಯಾಂಕರು ಬರುವ ದಿನ ಕೆಲಸಕ್ಕೆ ತಡವಾಗಿ ಹೋಗಿ ಮಾತು ಕೇಳಬೇಕು, ಇಲ್ಲವೇ ಕೆಲಸಕ್ಕೆ ಹೊತ್ತಿಗೆ ಹೋಗಿ ನೀರಿಲ್ಲದೆ ಇರಬೇಕು. ಮನೆಯ ಮುಂದಿನ ನಲ್ಲಿಗೆ ತುಕ್ಕು ಹಿಡಿದು, ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮೇಲಿನಬೀದಿಯ ನಾವು ಇದನ್ನೆಲ್ಲ ಬಲ್ಲೆವು. ಪಾಪ ಎಂದೂ ಅಂದಿದ್ದೇವೆ. ಟ್ಯಾಂಕಿನಲ್ಲೇ ನೀರು ಕಡಿಮೆ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆವು.

ಆ ಸಮಾಧಾನವನ್ನು ಕೆಡಿಸಿದವರು ಶಿವರುದ್ರಮ್ಮ. ಒಂದು ದಿನ ನೀರಿನ ಕಚೇರಿಗೆ ಹೋಗಿ ಇಂಜಿನಿಯರ ಮೇಜಿನ ಮುಂದೆ ನಿಂತರು. ಪಿರಿಯಾಪಟ್ಟಣದ ಕಡೆಯ ಕಾವ್ಯಶ್ರೀ ಎಂಬ ಎಳೆ ಪ್ರಾಯದ ಆ ಇಂಜಿನಿಯರು ಕುರ್ಚಿ ತೋರಿಸಿದರೆ, "ಬ್ಯಾಡಿ ಕಣವ್ವ. ಕುಂತ್ರೆ ಟೀ ತರಿಸ್ತೀರಿ, ಟೀ ಕುಡುದ್ರೆ ಕೇಳಾಕೆ ಬಂದಿದ್ದು ಮರ್ತೋಯ್ತದೆ" ಎಂದರಂತೆ. ಕೇಳಿದ್ದು ಎರಡೇ: ನಮ್ಮ ಬಡಾವಣೆಗೆ ಎಷ್ಟು ನೀರು ಬಿಡುತ್ತೀರಿ, ಯಾವ ಹೊತ್ತಿಗೆ ಬಿಡುತ್ತೀರಿ, ಬರೆದು ಗೋಡೆಗೆ ಅಂಟಿಸಿ. ಆ ಹುಡುಗಿ ಕಡತ ತಿರುವಿ, ಅಳತೆ ನೋಡಿ, ಬೆರಗಾಗಿ ಹೇಳಿದಳು: ಅರವತ್ತೊಂದು ಮನೆಗೆ ಸಾಕಾಗಿ ಮಿಗುವಷ್ಟು ನೀರು ದಿನ ಬಿಟ್ಟು ದಿನ ಹೊರಡುತ್ತಿದೆ. ಒಂದು ವಾರದಲ್ಲಿ ಹೊತ್ತು ಸಹಿತ ಎಲ್ಲವೂ ಬಡಾವಣೆಯ ಕಟ್ಟೆಯ ಗೋಡೆಯ ಮೇಲೆ ಬಂತು. ಕಳ್ಳರು ಎಲ್ಲೋ ಇದ್ದಾರೆಂದುಕೊಂಡಿದ್ದ ನಮಗೆ, ಆ ಹಾಳೆಯನ್ನು ಓದಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಯಿತು.

ಆದರೂ ಗುಂಡಿ ಮುಚ್ಚುವವರಾರು? ಮೊದಲ ಸಭೆಗೆ ಒಂಬತ್ತು ಜನ ಬಂದರು, ಅದರಲ್ಲಿ ಇಬ್ಬರು ಬೇರೆ ಬಡಾವಣೆಯವರು. ಆಮೇಲೆ ನಡೆದದ್ದು ನೀಲಿಯ ಪ್ರಸಂಗ. ನಮ್ಮ ವೀರಭದ್ರಸ್ವಾಮಿಯವರು ನಡುಬೀದಿಯ ದೊಡ್ಡ ಶಿವಭಕ್ತರು. ನೀರು ಬರುವ ಸೋಮವಾರಗಳಂದು ನಸುಕಿನಲ್ಲೇ ನಲ್ಲಿಯಿಂದ ಹಿಡಿದ ಮೊದಲ ಬಿಂದಿಗೆಯಿಂದ ಲಿಂಗಕ್ಕೆ ಅಭಿಷೇಕ ಮಾಡುವವರು. ಒಂದು ಸೋಮವಾರ ಅಭಿಷೇಕ ಮಾಡುತ್ತಿದ್ದಂತೆ ಪಾಣಿಬಟ್ಟಲಿನ ತುಂಬ ನೀಲಿ ಹರಿಯಿತು. ವಿಷಕಂಠನ ಸಾಕ್ಷಾತ್ಕಾರವಾಯಿತೆಂದು ಆ ಮುಗ್ಧ ಜೀವ ಗಂಟೆ ಬಾರಿಸಿ ಬೀದಿಯನ್ನೆಲ್ಲ ಕರೆಯಿತು. ಏಳು ಗಂಟೆಯ ಹೊತ್ತಿಗೆ ಮೂವತ್ತು ಜನ, ಕರ್ಪೂರ, ಊದುಬತ್ತಿ, ಇಬ್ಬರ ಕಣ್ಣಲ್ಲಿ ಆನಂದಬಾಷ್ಪ. ನಾನೂ ಕೈಮುಗಿದವನೇ, ಮುಚ್ಚಿಡುವುದೇನು. ಆಗ ಶಿವರುದ್ರಮ್ಮ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಪವಾಡ ಅಲ್ಲ ಸ್ವಾಮೇರೇ, ಅದು ನನ್ನ ಗುಂಡೀದು. ಬಟ್ಟೆಗಾಕೋ ನೀಲಿ ಮೊನ್ನೆ ನಾನೇ ಕಲ್ಸಿದ್ದೆ. ನೀರು ನಿಂತ್ಮೇಲೆ ಪೈಪು ಗುಂಡಿನಾಗಿರೋ ನೀರ ಎಳ್ಕತದೆ, ಆಮೇಕೆ ನೀರು ಬಂದಾಗ ನಿಮ್ಮನೇಲಿ ಬುಡ್ತದೆ. ದಿನಾ ಬತ್ತಾನೇ ಇತ್ತು. ಇವತ್ತು ಬಣ್ಣ ಕಂಡದೆ, ಅಷ್ಟೇಯ."

ಗುಂಡಿಗೆ ಚರಂಡಿ ಉಕ್ಕಿ ಬೀಳುವುದನ್ನು, ನಾಯಿ ಬಂದು ನೆಕ್ಕುವುದನ್ನು, ಕಾಲು ತೊಳೆದ ನೀರು ಇಳಿಯುವುದನ್ನು ಎಲ್ಲರೂ ಮನಸ್ಸಿನಲ್ಲೇ ಕಂಡುಕೊಳ್ಳುತ್ತಿದ್ದರು. ಸ್ವಾಮಿಯವರ ಮುಖ ನೋಡಲಾಗಲಿಲ್ಲ. "ಇಷ್ಟು ವರ್ಷ ಇದನ್ನೇ ಸುರಿದೆನಲ್ಲಮ್ಮ ಶಿವನಿಗೆ" ಎಂದು ಕಣ್ಣೊರೆಸಿಕೊಂಡರು. ಶಿವರುದ್ರಮ್ಮನಿಗೂ ಕಣ್ಣು ತುಂಬಿತು, ಆದರೂ ಬಿಡಲಿಲ್ಲ. "ಸರಿ, ಮುಂದ್ಕೇನು?" ಎಂದರು. ಅಂದು ಮಧ್ಯಾಹ್ನ ಆಕೆ ಮೊದಲು ತಮ್ಮ ಗುಂಡಿಯನ್ನೇ ಮಣ್ಣು ಹಾಕಿ ಮುಚ್ಚಿದರು, ಸಂಜೆಗೆ ಸ್ವಾಮಿಯವರು ಮುಚ್ಚಿಸಿದರು, ತಿಂಗಳೊಳಗೆ ಇಪ್ಪತ್ತೊಂಬತ್ತು ಮುಚ್ಚಿದವು. ಉಳಿದ ಒಂಬತ್ತಕ್ಕೆ ಇನ್ನೂ ನಾಲ್ಕು ತಿಂಗಳು ಬೇಕಾಯಿತು. ದಿನಕ್ಕೊಂದು ಮನೆ, ಒಂದೊಂದು ಮನೆಗೆ ಹತ್ತು ಸಲ. ಬಾಗಿಲು ಹಾಕಿಕೊಂಡವರ ಜಗಲಿಯಲ್ಲಿ ಬಾಗಿಲು ತೆರೆಯುವ ತನಕ ಎಲೆಅಡಿಕೆ ಹಾಕುತ್ತ ಕೂತಿರುತ್ತಿದ್ದರು. ಕೋಪ ಮಾಡಿಕೊಂಡದ್ದನ್ನು ನಾನು ಕಾಣೆ.

ನಲ್ಲಿಗಳಿಗೆ ಮತ್ತೆ ತಲೆ ಬಂತು. ಆದರೆ ಸರದಿಯ ನಿಯಮವೊಂದು ಬೇಕಿತ್ತು. ಅದನ್ನು ಆಕೆ ತಂದದ್ದು ತವರಿನಿಂದ. ಚುಂಚನಕಟ್ಟೆಯ ಕಡೆಯ ನಾಲೆಯಲ್ಲಿ ಆಕೆಯ ತಂದೆಯದು ತೀರಾ ಬಾಲದ ಗದ್ದೆ. ನೀರು ಇಳಿದ ವರ್ಷ ಆ ಊರಿನ ಹಿರಿಯರು ಮೇಲಿನ ತೂಬುಗಳನ್ನೆಲ್ಲ ಮುಚ್ಚಿ, ಬಾಲದ ಗದ್ದೆ ನೆನೆದ ಮೇಲೆಯೇ ಒಂದೊಂದಾಗಿ ಮೇಲಕ್ಕೆ ತೆರೆಯುತ್ತ ಬರುತ್ತಿದ್ದರಂತೆ. "ಮೇಲ್ನೋನ್ಗೆ ಎಂಗಿದ್ರೂ ಸಿಗ್ತದೆ. ಕೊನೇಲಿರೋನ್ಗೆ ಕೊಟ್ರೆ ಎಲ್ರಿಗೂ ಕೊಟ್ಟಂಗೆ" ಎಂದು ಸಭೆಯಲ್ಲಿ ವಿವರಿಸಿದರು. ಆಕೆಯ ಎಣಿಕೆಯಲ್ಲಿ ಭಾಗ್ಯಮ್ಮನದು ಒಂದನೇ ಮನೆ, ಟ್ಯಾಂಕಿನ ಪಕ್ಕದ ನನ್ನದು ಅರವತ್ತೊಂದನೆಯದು. ಊರಿಗೆ ಮೊದಲಿಗನೆಂದುಕೊಂಡಿದ್ದ ನನಗೆ ಇದು ಸ್ವಲ್ಪ ಕಸಿವಿಸಿಯೇ ಆಯಿತು. ತೀರ್ಮಾನ ಹೀಗೆ: ನೀರು ಬಿಡುವ ಚಲುವರಾಜು ಐದು ಗಂಟೆಗೆ ವಾಲ್ವು ತಿರುಗಿಸಬೇಕು, ಮೇಲಿನವರು, ನಡುವಿನವರು ನಲ್ಲಿ ಮುಚ್ಚಿಕೊಂಡೇ ಇರಬೇಕು, ಭಾಗ್ಯಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ತುಂಬ್ತು" ಎಂದು ಹೇಳಿದ ಮೇಲೆಯೇ ತೆರೆಯಬೇಕು.

ಇನ್ನು ನನ್ನ ಪಾಪವನ್ನು ಹೇಳಿಬಿಡುತ್ತೇನೆ. ಐದು ಮೋಟರುಗಳಲ್ಲಿ ನಾಲ್ಕು ಹೋಗಿದ್ದವು. ನನ್ನದನ್ನು ತೆಗೆಸಿದೆನೆಂದು ನಾನು ಸಭೆಯಲ್ಲಿ, ಅದೂ ಗ್ರಾಂಥಿಕ ಕನ್ನಡದಲ್ಲಿ, ಘೋಷಿಸಿದ್ದೆ. ತೆಗೆಸಿರಲಿಲ್ಲ, ಮೇಲೊಂದು ಗೋಣಿಚೀಲ ಮುಚ್ಚಿದ್ದೆ. ನಿಯಮ ಜಾರಿಗೆ ಬಂದ ಮೊದಲ ಬೆಳಗೇ ನಮ್ಮ ಮನೆಯಲ್ಲಿ ಮೊಮ್ಮಗಳ ನಾಮಕರಣ. ಮನೆ ತುಂಬ ನೆಂಟರು. ಒಂದು ದಿನ ತಾನೆ, ಎಂದುಕೊಂಡು ಐದೂಕಾಲಿಗೆ ಸ್ವಿಚ್ಚು ಒತ್ತಿದೆ. ಐದೂವರೆಯಾಯಿತು, ಐದೂ ಮುಕ್ಕಾಲಾಯಿತು, ಭಾಗ್ಯಮ್ಮನ ದನಿ ಬರಲಿಲ್ಲ. ನಲವತ್ತಕ್ಕೂ ಹೆಚ್ಚು ಮನೆಗಳು ನಲ್ಲಿಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದವು. "ಇನ್ನು ಎಷ್ಟು ಹೊತ್ತು?" ಎಂದು ಒಬ್ಬರು, "ಇದೆಲ್ಲ ಆಗೋ ಹೋಗೋ ಮಾತಲ್ಲ ಬುಡಿ" ಎಂದು ಇನ್ನೊಬ್ಬರು ಗುಂಪಿನಲ್ಲಿ ಬರೆಯತೊಡಗಿದರು. ಆರು ತಿಂಗಳ ದುಡಿಮೆ ಇನ್ನು ಹತ್ತೇ ನಿಮಿಷದಲ್ಲಿ ಮಣ್ಣುಪಾಲಾಗುವುದರಲ್ಲಿತ್ತು.

ಕಿಟಕಿಯಿಂದ ನೋಡುತ್ತೇನೆ, ಖಾಕಿ ಕೋಟು ಬರುತ್ತಿದೆ. ಹತ್ತು ಹೆಜ್ಜೆಗೊಮ್ಮೆ ಕೂತು, ಸಲಾಕೆಗೆ ಕಿವಿಗೊಟ್ಟು, ಎದ್ದು, ಮತ್ತೆ ಹತ್ತು ಹೆಜ್ಜೆ. ನನ್ನ ಗೇಟಿನ ಮುಂದೆ ಕೂತವರು ಬಹಳ ಹೊತ್ತು ಏಳಲಿಲ್ಲ. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ. ಆಕೆ ಒಳಗೆ ಬಂದು, ನೆಂಟರಿಗೆಲ್ಲ ನಗುತ್ತ ನಮಸ್ಕಾರ ಮಾಡಿ, ಮಗುವಿನ ಕೆನ್ನೆ ಮುಟ್ಟಿ, "ಮೇಷ್ಟ್ರೇ, ಒಂದು ಲೋಟ ನೀರು ಕೊಡಿ" ಎಂದರು. ತಂದುಕೊಟ್ಟೆ. ಅರ್ಧ ಕುಡಿದು ಉಳಿದದ್ದನ್ನು ನನ್ನ ಕೈಗೇ ಕೊಟ್ಟು, ನನಗೆ ಮಾತ್ರ ಕೇಳುವಂತೆ ಹೇಳಿದರು: "ಇದು ಒಂದನೇ ಮನೇದು. ಮಡೀಕಳಿ, ಭಾಗ್ಯಮ್ಮ ಕೇಳುದ್ರೆ ಕೊಡೀವ್ರಂತೆ."

ಇಷ್ಟೇ. ಗುಂಪಿನಲ್ಲಿ ನನ್ನ ಹೆಸರು ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ರೇಷ್ಮೆ ಪಂಚೆಯಲ್ಲೇ ಕೂತು ಮೋಟರಿನ ಬೋಲ್ಟುಗಳನ್ನು ಬಿಚ್ಚಿದೆ. ಸ್ಪ್ಯಾನರು ಕೊಟ್ಟವರು ಆಕೆಯೇ. ಆರೂ ಹತ್ತಕ್ಕೆ ಗುಂಪಿನಲ್ಲಿ ಭಾಗ್ಯಮ್ಮನ ಧ್ವನಿಸಂದೇಶ ಬಂತು. ತೆರೆದರೆ ಮಾತೇ ಇಲ್ಲ. ಬರಿಯ ಬಿಂದಿಗೆಗೆ ನೀರು ಬೀಳುವ ಸದ್ದು, ಬಹಳ ಹೊತ್ತು. ಕೊನೆಯಲ್ಲಿ "ಅಯ್ಯೋ ಶಿವನೇ, ಬಂತು ಕಣ್ರೀ" ಎಂದು ಆಕೆ ಅಳುವುದು ಕೇಳಿಸಿತು. ನಮ್ಮ ಮನೆಯ ನಾಮಕರಣದ ಗದ್ದಲದ ನಡುವೆ ನಾನದನ್ನು ನಾಲ್ಕು ಸಲ ಹಾಕಿ ಕೇಳಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಶಿವರುದ್ರಮ್ಮನನ್ನು ಕುರಿತು ನಾನು ಬರೆಯುತ್ತಿದ್ದೆನೋ ಇಲ್ಲವೋ. ತಿಂಗಳಾದ ಮೇಲೆ ವೀರಭದ್ರಸ್ವಾಮಿಯವರ ಪಡಸಾಲೆಯಲ್ಲಿ ಸಭೆ ಸೇರಿತ್ತು. ಎಲ್ಲರ ಮುಖದಲ್ಲೂ ಗೆದ್ದ ಕಳೆ. ಇಂಜಿನಿಯರ್ ಕಾವ್ಯಶ್ರೀ ಒಂದೊಂದೇ ಮನೆಯ ಲೆಕ್ಕ ಕೇಳಿ ಗುರುತು ಹಾಕಿಕೊಳ್ಳುತ್ತಿದ್ದಳು: ಬಂತೇ, ಬಂತು, ಬಂತೇ, ಬಂತು. ಇಪ್ಪತ್ತೇಳನೇ ಮನೆ ಎಂದಳು. ಚಲುವರಾಜು ತಲೆ ಕೆರೆದುಕೊಂಡು, "ಆ ಮನೇಗೆ ನೀರು ಅತ್ತಲ್ಲ ಮೇಡಂ" ಎಂದ. ಅದು ಶಿವರುದ್ರಮ್ಮನ ಮನೆ. ದಿಬ್ಬದ ಮೇಲಿರುವ ಆ ಮನೆಗೆ ಗುಂಡಿಯಿಲ್ಲದೆ ನೀರು ಏರದು. ನೆಲಮಟ್ಟದ ಮೇಲೆ ನಲ್ಲಿ ಬಂದರೆ ತೊಟ್ಟಿಕ್ಕುವುದೂ ಕಷ್ಟ. ಗುಂಡಿ ಮುಚ್ಚಿದ ಸೋಮವಾರದಿಂದ ಅಂದಿನವರೆಗೆ, ಏಳು ತಿಂಗಳು, ಆಕೆ ಬೀದಿಯ ತಿರುವಿನ ಸಾರ್ವಜನಿಕ ನಲ್ಲಿಯಿಂದ ಹೊತ್ತು ತರುತ್ತಿದ್ದರು. ನಾವೆಲ್ಲ ಪ್ರತಿದಿನ ಆಕೆ ಕೊಡ ಹೊತ್ತು ಬರುವುದನ್ನು ಕಂಡಿದ್ದೇವೆ, ಕಂಡು ಮಾತಾಡಿಸಿದ್ದೇವೆ. ಯಾಕೆ ಹೊರುತ್ತೀರಿ ಎಂದು ನಮ್ಮಲ್ಲೊಬ್ಬರೂ ಕೇಳಿರಲಿಲ್ಲ.

ಪಡಸಾಲೆಯಲ್ಲಿ ಗದ್ದಲವೆದ್ದಿತು. ಹೊಸ ಟ್ಯಾಂಕು ಬಂದು ಒತ್ತಡ ಹೆಚ್ಚಿದರೆ ಸರಿಹೋಗುತ್ತದೆ, ಅದಕ್ಕೆ ಇನ್ನೆರಡು ವರ್ಷ ಬೇಕಾದೀತು ಎಂದಳು ಇಂಜಿನಿಯರು. ಹಾಗಾದರೆ ಅಲ್ಲಿಯವರೆಗೆ ಅವರೊಬ್ಬರಿಗೆ ಗುಂಡಿ ಇರಲಿ, ಒಂದೇ ಅಡಿ, ಸುತ್ತ ಸಿಮೆಂಟು ಹಾಕಿ ಮುಚ್ಚಳ ಇಡೋಣ ಎಂದರು ಸ್ವಾಮಿಯವರು. ಎಲ್ಲ ಕೈಗಳೂ ಮೇಲೆದ್ದವು. ಎಲ್ಲರಿಗಿಂತ ಮೊದಲು ಎದ್ದ ಕೈ ನನ್ನದು. ಭಾಗ್ಯಮ್ಮ ಬಂದು ಆಕೆಯ ಕೈ ಹಿಡಿದುಕೊಂಡು, "ಒಪ್ಕಳಕ್ಕ, ನಿನ್ ದಮ್ಮಯ್ಯ. ನೀನು ವೊತ್ರೆ ನಂಗೆ ಗಂಟ್ಲಲ್ಲಿ ನೀರಿಳಿಯಾಕಿಲ್ಲ" ಎಂದಳು.

ಶಿವರುದ್ರಮ್ಮ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ನಾನು ಕಂಡಂತೆ ಆಕೆ ಅಷ್ಟು ಉದ್ದಕ್ಕೆ ಮಾತಾಡಿದ್ದು ಅದೊಂದೇ ಸಲ.

"ಈ ಬಡಾವಣೇಲಿ ಮೊದ್ಲು ಗುಂಡಿ ತೋಡ್ದೋಳು ನಾನೇ ಕಣ್ರವ್ವಾ. ನಿಮ್ಗೆ ಗೊತ್ತಿಲ್ಲ, ಆಗ ನೀವ್ಯಾರೂ ಇಲ್ಲಿರ್ನಿಲ್ಲ. ದಿಬ್ಬದ್ಮೇಲೆ ನೀರು ಅತ್ತಲ್ಲ ಅಂತ ನಮ್ಮೆಜಮಾನ್ರು ಬ್ಯಾಡ ಬ್ಯಾಡ ಅಂದ್ರೂ ನಾನೇ ಗುದ್ಲಿ ಇಡ್ಕಂಡೆ. ನ್ಯಾಯವಾಗೇ ಇತ್ತು, ಒಂದೇ ಅಡಿ. ಪಕ್ಕದ್ಮನೆಯೋರು ನೋಡುದ್ರು. ಅವ್ರ ಪಕ್ಕದೋರು ನೋಡುದ್ರು. ಒಂದು ಗುಂಡಿ ಮೂವತ್ತೆಂಟಾಗಿದ್ದ ನಾನೇ ಕಣ್ಣಾರೆ ನೋಡಿವ್ನಿ. ಇವತ್ತು ನಂಗೆ ಬುಟ್ರೆ, ನಾಳೆ ಇನ್ನೊಬ್ಬುರ್ಗೂ ನ್ಯಾಯವಾಗೇ ಒಂದು ಕಾರಣ ಇರ್ತದೆ. ಆಗ ಬ್ಯಾಡ ಅನ್ನಾಕೆ ನಂಗೆ ಬಾಯಿ ಎಲ್ಲೈತೆ? ಭಾಗ್ಯ, ಗುಂಡಿಗಳೆಲ್ಲ ತಿರ್ಗಾ ಬಂದು ನಿನ್ ನಲ್ಲಿ ಒಣಗುದ್ರೆ, ನಾ ಇಷ್ಟು ದಿನ ವೊತ್ತಿದ್ರಿಂದ ನಿಂಗೇನೂ ಸಿಗಾಕಿಲ್ಲ. ಬ್ಯಾಡ. ಎಲ್ರೂ ಕೈ ಇಳ್ಸಿ."

ಕೈಗಳು ಇಳಿದವು, ನನ್ನದೂ. ಆಕೆ ಕಾವ್ಯಶ್ರೀಯ ಕಡೆ ತಿರುಗಿ, ಹೊಸ ಟ್ಯಾಂಕಿನ ಕೆಲಸ ಯಾವ ತಿಂಗಳು ಎಲ್ಲಿಗೆ ಬರುತ್ತದೆಂಬುದನ್ನೂ ಬರೆದು ಗೋಡೆಗೆ ಅಂಟಿಸಬೇಕೆಂದು ಹೇಳಿದರು. ಅದೂ ಬಂತು, ಈಗ ದಾರಿಯಲ್ಲಿ ಹೋಗುವವರೆಲ್ಲ ನಿಂತು ಓದುತ್ತಾರೆ, ತಿಂಗಳು ತಪ್ಪಿದರೆ ಅರವತ್ತೊಂದು ಮನೆಯವರೂ ಕಚೇರಿಗೆ ಹೋಗಿ ಕುರ್ಚಿ ಬೇಡವೆಂದು ನಿಂತುಕೊಳ್ಳುತ್ತಾರೆ.

ಹುಣಸೂರಿನಿಂದಲೂ ಪಿರಿಯಾಪಟ್ಟಣದಿಂದಲೂ ಈಗ ಆಕೆಗೆ ಕರೆ ಬರುತ್ತದೆ. ಎಚ್.ಡಿ. ಕೋಟೆಯ ಒಂದು ಸಭೆಗೆ ನಾನೂ ಜೊತೆಗೆ ಹೋಗಿದ್ದೆ, ಶಾಲು ಹೊದಿಸಲು ಬಂದವರನ್ನು ತಡೆದು, ಮೈಕು ಹಿಡಿದು, "ನಿಮ್ಮ ಬೀದೀಲಿ ಮೊದಲ್ನೇ ಗುಂಡಿ ಯಾರ್ದು?" ಎಂದು ಕೇಳಿದರು. ಯಾರೂ ಏಳಲಿಲ್ಲ. ಆಗ ತಮ್ಮ ಗುಂಡಿಯ ಕಥೆಯನ್ನು ಹೇಳಿದರು. ಆಮೇಲೆ ಹಿಂದಿನ ಸಾಲಿನಿಂದ ಸಣ್ಣಯ್ಯ ಎಂಬ ಮುದುಕರೊಬ್ಬರು ಕೋಲೂರಿ ಎದ್ದು, "ನಂದು ಕಣವ್ವ" ಎಂದರು.

ಇಂಥವರನ್ನು ನಾವು ಸುಲಭವಾಗಿ ಹಟಮಾರಿಗಳೆಂದು ಕರೆದುಬಿಡುತ್ತೇವೆ; ಇನ್ನು ಹೆಚ್ಚು ಉದಾರಿಗಳಾದರೆ ತ್ಯಾಗಿಗಳೆಂದು ಕರೆದು, ಕೈಮುಗಿದು, ನಮ್ಮ ಪಾಡಿಗೆ ನಾವು ಮನೆಗೆ ಹೋಗುತ್ತೇವೆ. ಎರಡೂ ತಪ್ಪು. ತ್ಯಾಗವೆಂದರೆ ಆಕೆಗೆ ಸಿಟ್ಟೇ ಬಂದೀತು. ತಾನು ಮಾಡಿದ ತಪ್ಪಿನ ಉದ್ದಗಲವನ್ನು ಅಳೆದು ನೋಡಿದ, ಅದನ್ನು ಮುಚ್ಚಲು ಎಷ್ಟು ಮಣ್ಣು ಬೇಕೆಂದು ಬಲ್ಲ, ತನಗೆ ಸಲ್ಲಬೇಕಾದ ನ್ಯಾಯವಾದ ರಿಯಾಯಿತಿಯನ್ನೂ ಬೇಡವೆನ್ನುವ ಜನ ಇವರು. ಊರಿಗೆ ನಾಲ್ಕಾರು ಮಂದಿ ಇದ್ದರೆ ಹೆಚ್ಚು. ಇವರಿಂದ ನಮಗೆ ನೀರು ಸಿಗುತ್ತದೆ, ರಸ್ತೆ ಸಿಗುತ್ತದೆ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಇವರು ನಮ್ಮಿಂದ ಕಸಿದುಕೊಳ್ಳುವುದೂ ಒಂದಿದೆ: ನೆಪ. ನಾಮಕರಣದ ದಿನ ನನ್ನ ಬಳಿ ಎಷ್ಟು ಒಳ್ಳೆಯ ನೆಪವಿತ್ತು! ಇಂದು ಬೆಳಗ್ಗೆ ಐದೂಕಾಲಿಗೆ ನಲ್ಲಿಯ ಮುಂದೆ ನಿಂತು, ಭಾಗ್ಯಮ್ಮನ ದನಿಗಾಗಿ ಕಾಯುತ್ತ ಹುಡುಕಿ ನೋಡಿದೆ, ಒಂದೂ ಉಳಿದಿಲ್ಲ.